ತೀರ್ಪಿಗಾಗಿ ಕಾದವರು

ಕೈವಾರದ ತಾತಯ್ಯನವರ ಕಾಲಜ್ಞಾನವನ್ನು ಕೇಳಿ ಬೆಳೆದ ಕೋಲಾರ ಸೀಮೆಗೆ ಭವಿಷ್ಯದ ನುಡಿ ಹೊಸತಲ್ಲ. ಆದುದರಿಂದಲೇ ಏನೋ, ದೂರದೇಶದಲ್ಲಿ ಯುದ್ಧವೆಂದೋ ಭೂಕಂಪವೆಂದೋ ವಾರ್ತೆ ಬಂದಾಗ, ದಾನಿಯೇಲನ ವರ್ಷಗಳನ್ನೂ ಪ್ರಕಟನೆಯ ಮುದ್ರೆಗಳನ್ನೂ ಕೂಡಿ ಕಳೆದು, ಕರ್ತನ ಎರಡನೆಯ ಬರೋಣವನ್ನು ಪಂಚಾಂಗದಲ್ಲಿ ಗ್ರಹಣವನ್ನು ತೋರಿಸುವಂತೆ ತೋರಿಸಿಕೊಡುವ ಬೋಧಕರಿಗೆ ಇಲ್ಲಿ ಶ್ರೋತೃಗಳ ಕೊರತೆಯಿಲ್ಲ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು ೧೮೪೪ರ ಅಕ್ಟೋಬರ್ ೨೨ರಂದು ಇಂತಹ ಗಣಿತವನ್ನು ನಂಬಿ ಕಾದು ನಿರಾಶರಾದರು. ಆ ದಿನವೂ ಗಳಿಗೆಯೂ ಮಗನಾದ ತನಗೂ ತಿಳಿಯದೆಂದು ಯೇಸುವೇ ಒಪ್ಪಿಕೊಂಡಿರುವಾಗ, ಗುರುವರಿಯದುದನ್ನು ಶಿಷ್ಯನು ಲೆಕ್ಕಹಾಕಿ ಸಾರುವುದು ನನಗಂತೂ ಅವಿನಯವೆಂದೇ ತೋರುತ್ತದೆ.

ಮತ್ತಾಯನ ಸುವಾರ್ತೆಯಲ್ಲಿ ಈ ಮಾತಿನ ಮುಂದಿನ ಅಧ್ಯಾಯದಲ್ಲಿಯೇ ಮನುಷ್ಯಕುಮಾರನು ಸಿಂಹಾಸನಾರೂಢನಾಗಿ ಸಕಲ ಜನಾಂಗಗಳಿಗೂ ತೀರ್ಪುಕೊಡುವ ವರ್ಣನೆಯಿದೆ. ಅಲ್ಲಿ ಯಾರ ಕಾಲಜ್ಞಾನವೂ ಪರೀಕ್ಷೆಗೊಳಗಾಗುವುದಿಲ್ಲ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ ದೊರೆಯಿತೇ ಎಂಬುದಷ್ಟೇ ವಿಚಾರಣೆ. ತಾವು ಪ್ರಭುವನ್ನು ಉಪಚರಿಸಿದ್ದು ಯಾವಾಗ ಎಂಬುದು ನೀತಿವಂತರಿಗೇ ಗೊತ್ತಿರುವುದಿಲ್ಲವೆಂಬುದು ಅದರಲ್ಲಿನ ಸೋಜಿಗ.

ಕೋಲಾರದ ಮಿಷನ್ನಿನ ಕಥೆಯೂ ಇಂತಹ ವಿಚಾರಣೆಯಿಂದಲೇ ಮೊದಲಾಗುತ್ತದೆ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಎಂದರೆ ೧೮೭೬ರಿಂದ ೭೮ರವರೆಗೆ, ಮೈಸೂರು ಸಂಸ್ಥಾನವು ಅನ್ನವಿಲ್ಲದೆ ನರಳಿತು. ೧೮೭೧ರ ಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಆ ದಿನಗಳಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ತಬ್ಬಲಿ ಮಕ್ಕಳಿಗಾಗಿ ಕೋಲಾರದಲ್ಲಿ ಅನಾಥಾಲಯವನ್ನು ತೆರೆದಳು. ಆ ಕಾರ್ಯವು ಮುಂದೆ ಅಮೆರಿಕದ ಮೆಥೊಡಿಸ್ಟರ ಕೈಸೇರಿತು, ಅವರಿಂದ ೧೯೧೦ರಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯೂ ಬಂದಿತು. ದಿಕ್ಕಿಲ್ಲದ ಶಿಶುಗಳನ್ನು ತಮ್ಮ ಮತಕ್ಕೆ ಸೇರಿಸಿಕೊಂಡರೆಂಬ ಆಕ್ಷೇಪವುಂಟು, ಅದನ್ನು ಅಲ್ಲಗಳೆಯಲು ನಾನು ಹೊರಡುವುದಿಲ್ಲ. ಆ ಮಕ್ಕಳಿಗೆ ಗಂಜಿಯಿತ್ತವರು ಯಾರೆಂಬುದನ್ನು ಆಕ್ಷೇಪಿಸುವವರೂ ಕೇಳಿಕೊಳ್ಳಬೇಕು.

ನ್ಯಾಯತೀರ್ಪೆಂದರೆ ಭಯವೆಂದು ತಿಳಿಯುವವರು ಸಾಮಾನ್ಯವಾಗಿ ಉಂಡು ಸುಖವಾಗಿರುವವರು. ೨೦೦೦ದ ಮಾರ್ಚ್ ೧೧ರಂದು ಆಗಿನ ಕೋಲಾರ ಜಿಲ್ಲೆಗೆ ಸೇರಿದ್ದ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು, ೨೦೦೬ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು, ೨೦೧೪ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಮನುಷ್ಯರ ನ್ಯಾಯಾಸನದಿಂದ ಹೀಗೆ ಬರಿಗೈಯಲ್ಲಿ ಹಿಂದಿರುಗಿದವರಿಗೆ, ಲಂಚಕ್ಕೂ ಬೆದರಿಕೆಗೂ ಮಣಿಯದ ನ್ಯಾಯಾಧಿಪತಿಯೊಬ್ಬನು ಬರುವನೆಂಬ ಮಾತು ಬೆದರಿಕೆಯಾಗಿ ಕೇಳಿಸುವುದಾದರೂ ಹೇಗೆ? ಕ್ರಿಸ್ತನ ಪುನರಾಗಮನದ ನಿರೀಕ್ಷೆಯಲ್ಲಿ ನಾನು ಬಹುವಾಗಿ ಬೆಲೆಕೊಡುವ ಅಂಶವಿದು. ದಿನಾಂಕದ ಗಣಿತಕ್ಕೆ ಸಿಲುಕದಿರುವುದೂ ಇದೇ. ಆದರೂ ಪರಲೋಕದ ತೀರ್ಪನ್ನು ತೋರಿಸಿ ಇಹಲೋಕದ ಮೇಲ್ಮನವಿಯನ್ನು ಕೈಬಿಡಿಸುವ ಉಪದೇಶವು ಅನ್ಯಾಯಕ್ಕೆ ಸಹಾಯಕವೇ ಸರಿ.

ಪ್ರವಾದಿಗಳು ನುಡಿದುದು ಬಹುಮಟ್ಟಿಗೆ ತಮ್ಮ ಊರಿನ ಸಂತೆಯನ್ನೂ ನ್ಯಾಯಸ್ಥಾನವನ್ನೂ ಕುರಿತು. ತೆಕೋವದ ಕುರುಬನಾದ ಆಮೋಸನು, ಒಂದೂರಿಗೆ ಮಳೆಬಂದು ಇನ್ನೊಂದೂರಿಗೆ ಬಾರದೆ ಜನರು ನೀರಿಗಾಗಿ ತತ್ತರಿಸುತ್ತ ಅಲೆದುದನ್ನು ವರ್ಣಿಸಿದವನು, ಬಡವರನ್ನು ತುಳಿಯುತ್ತಲೇ ಯೆಹೋವನ ದಿನವನ್ನು ಹಾರೈಸುವವರಿಗೆ ಆ ದಿನವು ಕತ್ತಲೆಯೆಂದು ಎಚ್ಚರಿಸಿದನು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸಾವಿರ ಅಡಿಗೂ ಕೆಳಗೆ ಕೊಳವೆಬಾವಿ ಕೊರೆಯಿಸಬಲ್ಲವನ ಮಾವಿನ ತೋಪು ಹಸಿರಾಗಿದ್ದು ಪಕ್ಕದವನ ತೆರೆದ ಬಾವಿ ಬತ್ತಿದುದನ್ನು ಕಂಡವರಿಗೆ ಇದಕ್ಕೆ ಭಾಷ್ಯ ಬೇಕಾಗಿಲ್ಲ. ೨೦೧೮ರಿಂದ ಕೆ.ಸಿ. ವ್ಯಾಲಿ ಯೋಜನೆಯು ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದೆ. ಅಂತರ್ಜಲವು ಏರಿತೆಂದು ಸಂತೋಷಪಡುವವರೂ, ರಾಜಧಾನಿಯ ಹೊಲಸು ನಮ್ಮ ಪಾಲಿಗೇಕೆ, ಮೂರನೆಯ ಹಂತದ ಶುದ್ಧೀಕರಣವಾಗಲೆಂದು ಹೋರಾಡುವವರೂ ಇಲ್ಲಿದ್ದಾರೆ. ಬರೋಣವನ್ನು ಕುರಿತು ಬೋಧಿಸುವ ಸಭಾಪಾಲಕರು ಈ ವರ್ಷದ ಆಗಮನಕಾಲದಲ್ಲಿ ಒಂದು ಭಾನುವಾರವನ್ನಾದರೂ ಆಮೋಸನಿಗೂ ಕೆರೆಗೂ ಮೀಸಲಿಡಲಿ, ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಆ ಹೋರಾಟಗಾರರ ಮನವಿಪತ್ರಕ್ಕೆ ರುಜು ಹಾಕಲಿ.