ಹೊಲಕ್ಕೆ ಕಾಗದವಿದೆ, ಉಸಿರಿಗೆ?

ಗಂಗಾವತಿಯ ಗದ್ದೆಗೂ ಯಲಬುರ್ಗಾದ ಎರೆಹೊಲಕ್ಕೂ ವಾಟ್ನಿ ಪತ್ರ ಬರೆಸುವ ನಾವು, ಪ್ರಜ್ಞೆ ತಪ್ಪಿದ ಮೇಲೆ ವೆಂಟಿಲೇಟರ್ ಬೇಕೋ ಬೇಡವೋ ಎಂಬುದನ್ನು ಮಾತ್ರ ಮಕ್ಕಳ ಜಗಳಕ್ಕೆ ಬಿಡುತ್ತೇವೆ. ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ಉಯಿಲನ್ನು ಮಾನ್ಯ ಮಾಡಿತು; 2023ರಲ್ಲಿ ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದರ ಜಾರಿಗೆ ಸುತ್ತೋಲೆಯನ್ನೂ ಹೊರಡಿಸಿತು.

ಆಸ್ತಿಯಾಸೆಗೆ ಮನೆಯವರೇ ದುರುಪಯೋಗ ಮಾಡಿದರೆ? ಆತಂಕ ಸುಳ್ಳಲ್ಲ. ಆದರೆ ಚೇತರಿಕೆ ಸಾಧ್ಯವಿಲ್ಲವೆಂದು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಚಿಕಿತ್ಸೆ ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಏನೂ ಬರೆದಿಡದ ಮನೆಯಲ್ಲೇ ದುರಾಸೆಗೆ ಹೆಚ್ಚು ಜಾಗ. ಈ ಉಯಿಲು ಸಾಯಿಸುವ ಚುಚ್ಚುಮದ್ದೂ ಅಲ್ಲ. ನೋವು ತಗ್ಗಿಸುವ ಆರೈಕೆ ಕೊನೆತನಕ ಇರುತ್ತದೆ. ನನ್ನ ತಕರಾರು ಬೇರೆ: ಉಯಿಲಿನ ಪ್ರತಿ ಕಾಯ್ದಿಡುವ ಅಧಿಕಾರಿಯನ್ನು ಸ್ಥಳೀಯ ಸಂಸ್ಥೆ ಗೊತ್ತುಮಾಡಬೇಕು. ಕುಷ್ಟಗಿಯ ರೈತ ಆ ಕಾಗದವನ್ನು ಯಾರ ಕೈಗೆ ಕೊಡಬೇಕೆಂದು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.