ಗುಡಿಸುವ ರೋಬೊಟ್: ಕೊಳ್ಳುವ ಮೊದಲು ಹೊಸಿಲು ಅಳೆಯಿರಿ

ರಮಝಾನ್‌ಗೆ ಮುಂಚೆ ಮನೆ ತೊಳೆದು ಒಪ್ಪ ಮಾಡುವ ದಿನಗಳು ಬಂದರೆ ಸಾಕು, ಮೊಬೈಲ್‌ನಲ್ಲಿ ಒಂದು ಜಾಹೀರಾತು ತಪ್ಪದೆ ಬರುತ್ತದೆ. ತಟ್ಟೆಯಾಕಾರದ ಪುಟ್ಟ ಯಂತ್ರವೊಂದು ತಾನೇ ನೆಲ ಗುಡಿಸಿ, ಒರೆಸಿ, ಕೊನೆಗೆ ತನ್ನ ಮೂಲೆಗೆ ಹೋಗಿ ಕೂರುತ್ತದೆ. ಶಿಕಾರಿಪುರ, ಸೊರಬದಂತಹ ಊರುಗಳ ಮನೆಗಳಲ್ಲೂ ಈಗ ಇದನ್ನು ಕೊಳ್ಳೋಣವೇ ಎಂಬ ಮಾತು ಬರುತ್ತಿದೆ. ಸೌದಿಯಲ್ಲೋ ದುಬೈಯಲ್ಲೋ ದುಡಿಯುವ ಮಗ, ರಜೆಗೆ ಬರುವಾಗ ಅಮ್ಮನಿಗೆಂದು ಇದನ್ನೇ ತರಲು ಯೋಚಿಸುವುದೂ ಉಂಟು.

ಆಸೆ ತಪ್ಪಲ್ಲ. ಆದರೆ ಅಂಗಡಿಯವರು ಹೋಲಿಸುವ ರೀತಿಯಲ್ಲೇ ನಾವೂ ಹೋಲಿಸಿದರೆ ಹಣ ಹಾಳು. ಅವರು ಹೀರುವ ಶಕ್ತಿಯ ಅಂಕಿ ತೋರಿಸುತ್ತಾರೆ. ನಾವು ನೋಡಬೇಕಾದದ್ದು ನಮ್ಮ ಮನೆಯ ನೆಲ, ನಮ್ಮ ಪಾಕಿ ಮತ್ತು ನಮ್ಮ ಮನೆಯೊಳಗಿನ ಮರೆ.

ನಿಜವಾಗಿ ಯಾರಿಗೆ ಬೇಕು?

ಒಣ ಪೊರಕೆಯಿಂದ ಗುಡಿಸುವಾಗ ಕಣ್ಣಿಗೆ ಕಾಣುವ ಕಸ ಹೊರಗೆ ಹೋಗುತ್ತದೆ, ಕಾಣದ ಧೂಳು ಗಾಳಿಗೇರುತ್ತದೆ. ಬಗ್ಗಿ ಗುಡಿಸುವವರೇ ಅದನ್ನು ಮೊದಲು ಉಸಿರಾಡುತ್ತಾರೆ. ಅಸ್ತಮಾ, ಅಲರ್ಜಿ ಇರುವ ಹೆಣ್ಣುಮಕ್ಕಳಿಗೆ ದಿನಕ್ಕೆ ಎರಡು ಹೊತ್ತು ಈ ಧೂಳು ಕುಡಿಯುವುದು ಕಾಯಿಲೆಯನ್ನು ಕೈಯಾರೆ ಬೆಳೆಸಿದಂತೆ. ಮೊಣಕಾಲು, ಸೊಂಟದ ನೋವಿರುವ ಅಜ್ಜಿಯರಿಗೆ ಬಗ್ಗುವುದೇ ಶಿಕ್ಷೆ. ಇಂಥವರಿರುವ ಮನೆಗೆ ಈ ಯಂತ್ರ ಐಷಾರಾಮವಲ್ಲ, ಉಪಯೋಗದ ವಸ್ತು. ರೋಗಿ ಬೇರೆ ಕೋಣೆಯಲ್ಲಿರುವಾಗ ಅದು ತನ್ನ ಕೆಲಸ ಮುಗಿಸುತ್ತದೆ. ಅದರ ಧೂಳಿನ ಡಬ್ಬಿಯನ್ನು ಖಾಲಿ ಮಾಡುವ ಕೆಲಸ ಮಾತ್ರ ಅಸ್ತಮಾ ಇಲ್ಲದವರದಾಗಿರಲಿ, ಅದೂ ಮನೆಯ ಹೊರಗೆ.

ಹಾಸಿಗೆ, ದಿಂಬು, ಗೋಡೆಯ ಬೂಷ್ಟು ಈ ಯಂತ್ರದ ಕೈಗೆ ಎಟುಕುವುದಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಅಲರ್ಜಿ ತರುವ ಧೂಳುಹುಳುಗಳು ಹೆಚ್ಚಾಗಿ ಬೆಳೆಯುವುದು ಹಾಸಿಗೆಯಲ್ಲೇ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದಕ್ಕೆ ಯಾವ ರೋಬೊಟ್ ಕೂಡ ಬದಲಿಯಲ್ಲ.

ಅಂಕಿಗಳ ಹಿಂದೆ ಏನಿದೆ?

ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪೆನಿಯ ಟ್ರೈಲೋಬೈಟ್ 2001ರಲ್ಲಿ, ಅಮೆರಿಕದ ಐರೋಬೊಟ್ ಕಂಪೆನಿಯ ರೂಂಬಾ 2002ರಲ್ಲಿ ಮಾರುಕಟ್ಟೆಗೆ ಬಂದವು. ಈಗಿನ ಯಂತ್ರಗಳನ್ನು, ಅವು ದಾರಿ ಕಂಡುಕೊಳ್ಳುವ ರೀತಿಯಿಂದ ಮೂರಾಗಿ ವಿಂಗಡಿಸಬಹುದು. ಅಗ್ಗದವು ಗೋಡೆಗೆ ತಾಗಿ ದಿಕ್ಕು ಬದಲಿಸುತ್ತ ಸುತ್ತುತ್ತವೆ. ಕೆಲವು ಜಾಗಗಳನ್ನು ಮತ್ತೆ ಮತ್ತೆ ಗುಡಿಸಿ, ಕೆಲವನ್ನು ಬಿಟ್ಟೇಬಿಡುತ್ತವೆ. ಎರಡನೆಯವು ಲೇಸರ್ ಕಿರಣದಿಂದ ಕೋಣೆಯನ್ನು ಅಳೆದು ನಕ್ಷೆ ಮಾಡಿಕೊಂಡು ಸಾಲುಸಾಲಾಗಿ ಸಾಗುತ್ತವೆ, ಕತ್ತಲಲ್ಲೂ ಕೆಲಸ ಮಾಡುತ್ತವೆ. ಮೂರನೆಯವು ಕ್ಯಾಮೆರಾ ಬಳಸುತ್ತವೆ. ಬೆಲೆ ಹತ್ತು ಹದಿನೈದು ಸಾವಿರದಿಂದ ಲಕ್ಷದವರೆಗೂ ಇದೆ.

ಜಾಹೀರಾತಿನಲ್ಲಿ ಹೀರುವ ಶಕ್ತಿಯನ್ನು ಪಾಸ್ಕಲ್ ಎಂಬ ಅಳತೆಯಲ್ಲಿ ಕೊಡುತ್ತಾರೆ: 2500, 5000, 10000. ಇದು ಒತ್ತಡದ ಅಳತೆ ಮಾತ್ರ. ಎಷ್ಟು ಗಾಳಿ ಹರಿಯುತ್ತದೆ, ಬ್ರಶ್ ನೆಲಕ್ಕೆ ಎಷ್ಟು ತಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಬ್ಯಾಟರಿಯಲ್ಲಿ ಓಡುವ ಈ ಯಂತ್ರ ಬಳಸುವ ವಿದ್ಯುತ್ ಕೆಲವು ಹತ್ತು ವ್ಯಾಟ್. ವೈರ್ ಇರುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಬಳಸುವುದು ಸಾವಿರ ವ್ಯಾಟ್‌ನ ಆಸುಪಾಸು. ನುಣುಪಾದ ನೆಲದ ದಿನದ ಧೂಳಿಗೆ ರೋಬೊಟ್ ಸಾಕು. ದಪ್ಪ ಕಾರ್ಪೆಟ್, ಸೋಫಾ, ಹಾಸಿಗೆಗೆ ಹಳೆಯ ವೈರಿನ ಯಂತ್ರವೇ ವಾಸಿ, ಬೆಲೆಯೂ ಕಡಿಮೆ.

ನಮ್ಮ ನೆಲಕ್ಕೆ ಹೊಂದುತ್ತದೆಯೇ?

ಹೆಚ್ಚಿನ ರೋಬೊಟ್‌ಗಳು ದಾಟಬಲ್ಲದ್ದು ಸುಮಾರು 2 ಸೆಂಟಿಮೀಟರ್ ಎತ್ತರ. ಹೆಂಚಿನ ಮನೆಗಳ ಮರದ ಹೊಸಿಲು ಅದಕ್ಕಿಂತ ಎಷ್ಟೋ ಎತ್ತರ. ಅಂಥ ಮನೆಯಲ್ಲಿ ಅದನ್ನು ಪ್ರತಿ ಕೋಣೆಗೂ ಎತ್ತಿಕೊಂಡು ಹೋಗಬೇಕು. ಹಾಗಿದ್ದ ಮೇಲೆ ಕೈಯಲ್ಲಿ ಹಿಡಿದು ಬಳಸುವ ಯಂತ್ರವೇ ಸಾಕಲ್ಲ? ಮಂಚ, ಬೀರುವಿನ ಅಡಿಯನ್ನೂ ಅಳೆಯಿರಿ. ಲೇಸರ್ ಗೋಪುರವಿರುವ ಯಂತ್ರಗಳು ಸುಮಾರು 10 ಸೆಂಟಿಮೀಟರ್ ಎತ್ತರ ಇರುತ್ತವೆ. ನೆಲಕ್ಕೆ ಕಪ್ಪು ಕಡಪ ಕಲ್ಲು ಹಾಸಿದ್ದರೆ ಇನ್ನೊಂದು ತೊಡಕು. ಮೆಟ್ಟಿಲಿನಿಂದ ಬೀಳದಂತೆ ಕಾಯುವ ಸೆನ್ಸರ್ ಕಪ್ಪು ನೆಲವನ್ನು ಹಳ್ಳವೆಂದು ತಿಳಿದು ನಿಂತುಬಿಡಬಹುದು. ಕೊಳ್ಳುವ ಮೊದಲು ಅಂಥ ನೆಲದ ಮೇಲೆ ಓಡಿಸಿ ತೋರಿಸಲು ಹೇಳಿ.

ಇನ್ನು ಕಸದ ಬಗೆ. ಹೊಲಿಗೆ ಮೆಷಿನ್ ಇರುವ ಮನೆಯ ದಾರದ ತುಂಡು, ಉದ್ದ ಕೂದಲು, ಜಾನಮಾಝಿನ ಅಂಚಿನ ಕುಚ್ಚು ಬ್ರಶ್‌ಗೆ ಸುತ್ತಿಕೊಳ್ಳುತ್ತವೆ. ಕೂದಲಿನ ಬ್ರಶ್‌ಗಿಂತ ರಬ್ಬರ್ ಉರುಳೆ ಇರುವುದನ್ನು ಆರಿಸಿ. ಯಂತ್ರ ಬಿಡುವ ಮೊದಲು ಜಾನಮಾಝ್ ಮಡಚಿಡಿ. ದಸ್ತರ್‌ಖಾನ್ ಎತ್ತಿದ ಮೇಲೆ ಉಳಿಯುವ ಒಣ ಅನ್ನದ ಅಗುಳನ್ನು ಅದು ಎತ್ತುತ್ತದೆ. ಎಣ್ಣೆ, ಸಾರು ಬೆರೆತ ಬಿರಿಯಾನಿಯ ಅಗುಳು ಒಳಗೆ ಅಂಟಿ ಎರಡು ದಿನಕ್ಕೆ ವಾಸನೆ ಹಿಡಿಯುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಕಾಲಿಗಂಟಿ ಬರುವ ಚೊಗರಿನ ಕಲೆ, ಮುಂಗಾರಿನ ಕೆಸರು ಇವು ಯಂತ್ರದ ತೆಳು ಒದ್ದೆ ಬಟ್ಟೆಗೆ ಜಗ್ಗುವುದಿಲ್ಲ.

ಮಳೆಗಾಲದ ಇನ್ನೊಂದು ಮಾತು. ತೊಳೆಯುವ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಹಾಕಬೇಕು. ಆಷಾಢದ ಮಳೆಯಲ್ಲಿ ಬಿಸಿಲೇ ಕಾಣದ ವಾರಗಳಿರುತ್ತವೆ. ಹಸಿ ಫಿಲ್ಟರ್, ಹಸಿ ಬಟ್ಟೆಯಲ್ಲಿ ಬೂಷ್ಟು ಬೆಳೆದರೆ, ಯಾರ ಉಸಿರಿಗಾಗಿ ಯಂತ್ರ ತಂದೆವೋ ಅವರ ಉಸಿರಿಗೇ ಅದು ಕುತ್ತಾಗುತ್ತದೆ. ಒಂದು ಜೊತೆ ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳಿ.

ಹೊಳೆಯುವ ನೆಲವೆಲ್ಲ ಪಾಕ್ ಅಲ್ಲ

ಗುಡಿಸುವ ಜೊತೆಗೆ ಒರೆಸುವ ಯಂತ್ರಗಳಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ದೊಡ್ಡ ಸಮಸ್ಯೆ ಇದೆ. ತೆವಳುವ ಮಗು ಕೋಣೆಯ ಮೂಲೆಯಲ್ಲಿ ಮೂತ್ರ ಮಾಡಿದೆ, ಯಾರೂ ನೋಡಿಲ್ಲ. ನಿಗದಿ ಮಾಡಿದ ಹೊತ್ತಿಗೆ ಯಂತ್ರ ತಾನಾಗಿ ಹೊರಡುತ್ತದೆ. ಅದಕ್ಕೆ ನೀರೂ ಒಂದೇ, ಮೂತ್ರವೂ ಒಂದೇ. ಅದೇ ಬಟ್ಟೆಯಿಂದ ಇಡೀ ನಡುಮನೆಯನ್ನು ಒರೆಸಿ, ನಮಾಝ್ ಮಾಡುವ ಜಾಗಕ್ಕೂ ಬರುತ್ತದೆ. ನೆಲ ಹೊಳೆಯುತ್ತದೆ, ಆದರೆ ಒಂದು ಮೂಲೆಯಲ್ಲಿದ್ದ ನಜಸ್ ಈಗ ಮನೆಯಿಡೀ ಹರಡಿದೆ. ಬೆಕ್ಕು ಸಾಕಿದ ಮನೆಗಳಲ್ಲೂ ಇದೇ ಕಥೆ.

ಹಳ್ಳಿಗಾಡಿನ ಅರಬನೊಬ್ಬ ಮಸೀದಿಯಲ್ಲಿ ಮೂತ್ರ ಮಾಡಿದಾಗ ಪ್ರವಾದಿ(ಸ)ಯವರು ಅವನನ್ನು ಗದರಿಸಲು ಬಿಡದೆ, ಆ ಜಾಗದ ಮೇಲೆ ಒಂದು ಬಕೆಟ್ ನೀರು ಸುರಿಯಲು ಹೇಳಿದ ಘಟನೆ ನಮಗೆಲ್ಲ ಗೊತ್ತು. ನಜಸ್ ಇದ್ದ ಜಾಗಕ್ಕೇ ಧಾರಾಳ ನೀರು ಬಿದ್ದಿತು. ಅರೆ ಒದ್ದೆ ಬಟ್ಟೆಯನ್ನು ಎಳೆದಾಡುವುದು ಅದರ ತದ್ವಿರುದ್ಧ. ನೆಲ ಶುದ್ಧಿಯ ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ಅದನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಇಷ್ಟು: ಎಳೆ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಗೆ, ಒರೆಸುವ ಭಾಗವನ್ನು ಬಿಚ್ಚಿಡಬಹುದಾದ ಯಂತ್ರವೇ ಬೇಕು. ತಾನಾಗಿ ಹೊರಡುವ ಸಮಯ ನಿಗದಿ ಮಾಡಬೇಡಿ, ನೆಲ ನೋಡಿ ನೀವೇ ಗುಂಡಿ ಒತ್ತಿ. ನಮಾಝಿನ ಜಾಗವನ್ನು ಕೈಯಿಂದ, ಬೇರೆ ಬಟ್ಟೆಯಿಂದ ಒರೆಸಿ.

ಮನೆಯೊಳಗೆ ಕಣ್ಣು ಬೇಡ

ಮನೆಯೊಳಗೆ ಹೆಣ್ಣುಮಕ್ಕಳು ತಲೆಯ ಮೇಲೆ ಸೆರಗಿಲ್ಲದೆ ನಿರಾಳವಾಗಿ ಓಡಾಡುತ್ತಾರೆ. ಅಲ್ಲಿಗೆ ಇಂಟರ್‌ನೆಟ್‌ಗೆ ಜೋಡಿಸಿದ ಕ್ಯಾಮೆರಾವನ್ನು ಚಕ್ರ ಹಚ್ಚಿ ಬಿಡಬೇಕೇ? ಪರೀಕ್ಷೆಗಾಗಿ ಕೆಲವು ಮನೆಗಳಲ್ಲಿ ಓಡಿಸುತ್ತಿದ್ದ ರೂಂಬಾ ಯಂತ್ರಗಳು 2020ರಲ್ಲಿ ತೆಗೆದ ಚಿತ್ರಗಳು ಸಾಮಾಜಿಕ ಜಾಲತಾಣದ ಗುಂಪುಗಳಿಗೆ ಸೋರಿದ್ದವೆಂದು ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ 2022ರ ಡಿಸೆಂಬರ್‌ನಲ್ಲಿ ವರದಿ ಮಾಡಿತು. ಶೌಚಾಲಯದಲ್ಲಿದ್ದ ಮಹಿಳೆಯ ಚಿತ್ರವೂ ಅವುಗಳಲ್ಲಿತ್ತು. ಅವು ಮಾರಾಟದ ಯಂತ್ರಗಳಲ್ಲ, ಒಪ್ಪಿಗೆ ಪಡೆದವರ ಮನೆಯಲ್ಲಿದ್ದವು ಎಂದು ಕಂಪೆನಿ ಹೇಳಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಕೆಲವು ನಗರಗಳಲ್ಲಿ ಇಕೋವ್ಯಾಕ್ಸ್ ಕಂಪೆನಿಯ ಒಂದು ಮಾದರಿಯ ಯಂತ್ರಗಳಿಗೆ ಹ್ಯಾಕರ್‌ಗಳು ನುಗ್ಗಿ, ಅದರ ಸ್ಪೀಕರ್‌ನಿಂದಲೇ ಮನೆಯವರನ್ನು ಬೈದರು.

ಇನ್ನೊಬ್ಬರ ಮನೆಗೆ ಅನುಮತಿ ಕೇಳದೆ ಕಾಲಿಡಬಾರದೆಂದು ಸೂರಃ ಅನ್ನೂರ್ ನಮಗೆ ಕಲಿಸಿದೆ. ಹೀಗಿರುವಾಗ ಅಪರಿಚಿತರ ಕಣ್ಣಿಗೆ ನಾವೇ ಬಾಗಿಲು ತೆರೆಯುವುದು ಸರಿಯಲ್ಲ. ಸ್ವಲ್ಪ ದುಬಾರಿಯಾದರೂ ಕ್ಯಾಮೆರಾ ಮತ್ತು ಮೈಕ್ ಇಲ್ಲದ ಲೇಸರ್ ಯಂತ್ರವನ್ನೇ ಆರಿಸಿ. ಯಂತ್ರದ ಮೇಲಿನ ಗುಂಡಿ ಒತ್ತಿದರೆ, ಮೊಬೈಲ್ ಆ್ಯಪ್ ಇಲ್ಲದೆಯೂ ಓಡುತ್ತದೆಯೇ ಎಂದು ಕೇಳಿ.

ಕೆಟ್ಟರೆ ಯಾರು ನೋಡುತ್ತಾರೆ?

ಗಲ್ಫ್‌ನಿಂದ ತಂದ ಯಂತ್ರಕ್ಕೆ ಸಾಮಾನ್ಯವಾಗಿ ಇಲ್ಲಿ ವಾರಂಟಿ ಸಿಗುವುದಿಲ್ಲ. ಅದರ ಚೌಕ ಪಿನ್ನು ನಮ್ಮ ಸಾಕೆಟ್‌ಗೆ ಕೂರುವುದೂ ಇಲ್ಲ. ಇಲ್ಲೇ ಕೊಳ್ಳುವುದಾದರೂ ಸರ್ವಿಸ್ ಶಿವಮೊಗ್ಗದಲ್ಲಿ ಸಿಗುತ್ತದೆಯೇ, ಬೆಂಗಳೂರಿಗೆ ಕಳಿಸಬೇಕೇ ಎಂದು ಮೊದಲೇ ತಿಳಿದುಕೊಳ್ಳಿ. ಬ್ಯಾಟರಿ, ಬ್ರಶ್, ಫಿಲ್ಟರ್ ಬಿಡಿಯಾಗಿ ಸಿಗದಿದ್ದರೆ ಎರಡು ವರ್ಷದಲ್ಲಿ ಅದು ಅಟ್ಟ ಸೇರುತ್ತದೆ. ದೊಡ್ಡ ಹೆಸರನ್ನೇ ನಂಬುವಂತಿಲ್ಲ. ರೂಂಬಾ ತಯಾರಿಸಿದ ಐರೋಬೊಟ್ ಕಂಪೆನಿಯೇ 2025ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ಏನು ಮಾಡಬೇಕು?

ಎತ್ತರದ ಹೊಸಿಲಿನ ಹೆಂಚಿನ ಮನೆಗೆ ರೋಬೊಟ್ ಬೇಡ. ಉದ್ದ ಕೋಲಿನ ಮಾಪ್, ಒಂದು ಸಾಧಾರಣ ವೈರಿನ ವ್ಯಾಕ್ಯೂಮ್ ಸಾಕು. ಟೈಲ್ಸ್ ಹಾಕಿದ, ಸಮತಟ್ಟಾದ ಆರ್‌ಸಿಸಿ ಮನೆಯಲ್ಲಿ ಅಸ್ತಮಾ ಅಥವಾ ಮೊಣಕಾಲು ನೋವಿನವರಿದ್ದರೆ, ಕ್ಯಾಮೆರಾ ಇಲ್ಲದ, ಒರೆಸುವ ಭಾಗ ಬಿಚ್ಚಬಹುದಾದ ಮಧ್ಯಮ ಬೆಲೆಯ ಲೇಸರ್ ಯಂತ್ರ ಕೊಳ್ಳಿ. ತಾನೇ ಬಟ್ಟೆ ತೊಳೆದುಕೊಳ್ಳುವ ಲಕ್ಷದ ಯಂತ್ರದ ಅಗತ್ಯ ನಮ್ಮ ಮನೆಗಳಿಗಿಲ್ಲ. ಕೊಳ್ಳುವ ಶಕ್ತಿ ಇಲ್ಲದವರು ಇವತ್ತೇ ಮಾಡಬಹುದಾದದ್ದೂ ಇದೆ: ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ತೆರೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಷ್ಟಾದರೂ ಅಡುಗೆಮನೆ, ಬಚ್ಚಲು, ಮೆಟ್ಟಿಲು, ಜೇಡರ ಬಲೆ ಕೈಕೆಲಸವಾಗಿಯೇ ಉಳಿಯುತ್ತವೆ. ಪ್ರವಾದಿ(ಸ)ಯವರು ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಷಾ(ರ) ತಿಳಿಸಿದ್ದಾರೆ. ಆದ್ದರಿಂದ ಪತ್ನಿಗೆ ಉಬ್ಬಸವಿರುವ ಮನೆಯಲ್ಲಿ, ಯಂತ್ರ ಬಂದರೂ ಬರದಿದ್ದರೂ, ನಾಳೆ ಬೆಳಿಗ್ಗೆ ಫಜ್ರ್ ಮುಗಿಸಿ ಬಂದ ಗಂಡಸರೇ ಪೊರಕೆ ಕೈಗೆ ತೆಗೆದುಕೊಳ್ಳಲಿ.