ಹುದಿಕೇರಿಯಿಂದ ಕಾಲೇಜಿಗೆ

ಹುದಿಕೇರಿಯ ಕಡೆ ತೋಟದ ಲೈನ್ ಮನೆಯ ಕುಂಟ ಹುಡುಗನೊಬ್ಬ ಪಿ.ಯು.ಸಿ. ಪಾಸಾದನೆನ್ನಿ. ನೆರೆಯವರು ಮೆಚ್ಚುತ್ತಾರೆ, ಮರುಗಳಿಗೆಯಲ್ಲೇ, "ಇನ್ನು ಯಾವುದಾದರೂ ಅಂಗಡಿಯಲ್ಲಿ ಕೂರಿಸಿ" ಎನ್ನುತ್ತಾರೆ. ಇದನ್ನು ಕನಿಕರವೆನ್ನಲು ನಾವು ಒಪ್ಪೆವು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 32ನೆಯ ಕಲಮಿನಂತೆ ಸರಕಾರಿ ಕಾಲೇಜುಗಳೂ ಸರಕಾರದ ಅನುದಾನ ಪಡೆಯುವ ಕಾಲೇಜುಗಳೂ ನೂರಕ್ಕೆ 5 ಸ್ಥಾನಗಳನ್ನಾದರೂ ಇವರಿಗೆ ಕಾದಿರಿಸಬೇಕು. ವಯೋಮಿತಿಯಲ್ಲಿ 5 ವರ್ಷ ರಿಯಾಯಿತಿ ಕೊಡಬೇಕು. 1995ರ ಕಾಯಿದೆಯಲ್ಲಿ ಸ್ಥಾನಗಳು ನೂರಕ್ಕೆ 3 ಮಾತ್ರವಿದ್ದವು. ಅನುದಾನವಿಲ್ಲದ ಖಾಸಗಿ ಕಾಲೇಜುಗಳು ಈ ಕಲಮಿನ ಹೊರಗಿವೆ. ಶುಲ್ಕ ವಸೂಲಿಗೆ ಮುಂದು, ಹೊಣೆಗೆ ಹಿಂದು!

ಆದರೆ ಆ ಸ್ಥಾನ ಸಿಗಲು, ಅಂಗವೈಕಲ್ಯವು ನೂರಕ್ಕೆ 40ಕ್ಕೆ ಕಡಿಮೆಯಿಲ್ಲವೆಂಬ ಸರ್ಟಿಫಿಕೇಟು ಬೇಕು. ಇದಕ್ಕೆ ಫಲಿತಾಂಶ ಬರುವವರೆಗೆ ಕಾಯಬೇಡಿ. ಮಡಿಕೇರಿಯ ಆಸ್ಪತ್ರೆಗೆ ಅಲೆಯಬೇಕಾಗಿ ಬಂದರೆ ತಂದೆಯ ಒಂದು ದಿನದ ಕೂಲಿ ಹೋಯಿತು. ಜೂನಿನ ಮಳೆ ಹಿಡಿಯಿತೆಂದರೆ ಊರುಗೋಲಿನ ಹುಡುಗನಿಗೆ ಬಸ್ಸಿನ ಮೆಟ್ಟಿಲೇ ಬೆಟ್ಟ. ಬೇಸಗೆಯಲ್ಲೇ ಮುಗಿಸಿ. ವೈದ್ಯರೇ ತಾಲೂಕಿಗೆ ಬಂದು ಕೂರಲಿ ಎಂಬುದು ನಮ್ಮ ಬೇಡಿಕೆ.

40 ಇಲ್ಲವೆಂದು ಹಿಂದಿರುಗಿಸಿದರೆ? ಬರೆಯಲು ತೊಡಕಿರುವವನಿಗೆ ಅಷ್ಟಿಲ್ಲದಿದ್ದರೂ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ಸಲ್ಲುತ್ತದೆಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಕಾಶ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ.

ಮಾಸ್ತರಿಕೆ ಮಾಡಿ ಬಂದ ನಾವು ಬಲ್ಲೆವು: ಇಂಥ ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ. ದೊಡ್ಡವರೇ ಮೊದಲು ಹೋಗಿ ತರಗತಿ ಯಾವ ಮಹಡಿಯಲ್ಲಿದೆ, ಕಕ್ಕಸು ಎಲ್ಲಿದೆ ಎಂದು ನೋಡಿ ಬರಲಿ. ತರಗತಿಯನ್ನು ಕೆಳಕ್ಕೆ ತರಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ನಕಲು ಇಟ್ಟುಕೊಳ್ಳಲಿ. ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.